ಹನ್ನೆರಡು ಸೀಸೆ ನೀರು

ಹನ್ನೆರಡು ಸೀಸೆಗಳಲ್ಲಿ ಹನ್ನೊಂದು ಪಾಸಾದವು, ಒಂದು ಫೇಲಾಯಿತು. ನಿಮ್ಮ ನೀರಿನಲ್ಲಿ ವಿಷವಿಲ್ಲ ಎಂಬ ಸುದ್ದಿ ಕೇಳಿ ಹನ್ನೊಂದು ಮನೆಗಳವರು ತಲೆಯ ಮೇಲೆ ಕೈಹೊತ್ತು ಕುಳಿತರು.

ಕಾರಣವಿತ್ತು. ಗಲ್ಲಿಯ ಹಿಂದಿನ ಗೋಡೆಯಾಚೆ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಮದ್ದು ಕುಡಿಸುವ ಕಾರ್ಖಾನೆ. ಕಂಬಗಳನ್ನು ಹಸಿರು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೇಲೆತ್ತಿ, ಅಂಗಳದಲ್ಲಿ ಸೋರಲು ಬಿಡುತ್ತಿದ್ದರು. ಸೋರಿದ್ದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿರಲಿಲ್ಲ. ಗೋಡೆಯ ಈಚೆ ಮೂವತ್ತು ಹೆಜ್ಜೆ ದೂರದಲ್ಲಿ ಇಡೀ ಗಲ್ಲಿಗೆ ನೀರು ಕೊಡುವ ಕೊಳವೆಬಾವಿ.

ಮದ್ದಿನಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಇದೆ ಎಂದು ಮೊದಲು ಹೇಳಿದ್ದು ಚರ್ಮದ ಡಾಕ್ಟರು, ಅದೂ ಗೋಡೆ ಪಕ್ಕದ ಮನೆಯ ಸೀಸೆಯಮ್ಮನ ಸೊಸೆಯ ಅಂಗೈ ನೋಡಿ. ಸೊಸೆ ದರ್ಜಿ ಅಂಗಡಿಯಿಂದ ಶರ್ಟುಗಳನ್ನು ತಂದು ಕಾಜಾ ಹೊಲಿದು, ಗುಂಡಿ ಹಾಕಿ ಕೊಡುವವಳು. ಅಂಗೈಯಲ್ಲಿ ಜೋಳದ ಕಾಳಿನಂಥ ಗಂಟುಗಳು ಎದ್ದಿದ್ದವು, ಬೆರಳ ತುದಿ ಮರಗಟ್ಟಿತ್ತು. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡ ಮೇಲೆಯೇ ಸೂಜಿ ಚುಚ್ಚಿದೆಯೆಂದು ಅವಳಿಗೆ ತಿಳಿಯುತ್ತಿತ್ತು. ಹೀಗೇ ಬಿಟ್ಟರೆ ಗಂಟು ಹುಣ್ಣಾಗುತ್ತದೆ, ಹುಣ್ಣು ಏನಾಗುತ್ತದೆಂದು ಈಗ ಹೇಳುವುದಿಲ್ಲ ಎಂದಿದ್ದರು ಡಾಕ್ಟರು. ಮೊದಲು ಆ ನೀರು ಬಿಡಿ ಎಂದರು. ಬಿಡಲು ಬೇರೆ ನೀರು ಬೇಕಲ್ಲ.

ಆದ್ದರಿಂದಲೇ ವಕೀಲೆ, ಆದ್ದರಿಂದಲೇ ಕೇಸು. ಬಾವಿ ಮುಚ್ಚಬೇಕು, ಬೇರೆ ನೀರು ಕೊಡಬೇಕು, ಕಾಯಿಲೆಯವರಿಗೆ ಚಿಕಿತ್ಸೆ ಕೊಡಿಸಬೇಕು ಎಂದು ಮನೆಗೊಬ್ಬರಂತೆ ಹನ್ನೆರಡು ಜನ ಸಹಿ ಹಾಕಿದ್ದರು. ಸೋಮವಾರ ವಿಚಾರಣೆ. ಈಗ ಗುರುವಾರ, ಕೈಯಲ್ಲಿ ಈ ವರದಿ.

ವರದಿಯ ಪ್ರಕಾರ ಪಾಷಾಣದ ಮಿತಿ ಹತ್ತು. ಹನ್ನೊಂದು ಮನೆಗಳದ್ದು ಆರು, ಎಂಟು, ಒಂಬತ್ತು. ಹನ್ನೆರಡನೆಯ ಮನೆಯ ಕಂಡಕ್ಟರರದ್ದು ನೂರಾ ಎಪ್ಪತ್ತು.

ಕಂಡಕ್ಟರು ಬಸ್ಸಿನ ಕೆಲಸ ಬಿಟ್ಟು ಆರು ವರ್ಷವಾಗಿತ್ತು, ಆದರೆ ಎದುರಿಗೆ ಬಂದವರೆಲ್ಲ ಟಿಕೆಟ್ ತೆಗೆದುಕೊಂಡಿಲ್ಲ ಎಂಬ ನೋಟ ಬಿಟ್ಟಿರಲಿಲ್ಲ. ಮನೆಯ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಮನುಷ್ಯ. ಅಂಥವರನ್ನು ಅನುಮಾನಿಸುವ ಅವಕಾಶ ಗಲ್ಲಿಗೆ ಇದೇ ಮೊದಲು ಸಿಕ್ಕಿದ್ದರಿಂದ ಯಾರೂ ಬಿಡಲಿಲ್ಲ.

"ಒಂದೇ ಬಾವಿ, ಒಂದೇ ಪೈಪು. ನಿಮ್ಮ ನಲ್ಲೀಲಿ ಮಾತ್ರ ವಿಷ ಬರೋಕೆ ಅದೇನು ನಿಮ್ಮನೆ ಅಳಿಯನಾ?" ಎಂದಳು ಸೀಸೆಯಮ್ಮ.

"ನಾನು ಹಾಕಿದೆ ಅಂತೀರಾ?"

"ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡವರು ನೀವು."

"ಅಮ್ಮಾ, ಕಾರ್ಖಾನೆಯಲ್ಲಿ ಕಂಬ ಎಣಿಸೋನು ನಿಮ್ಮ ಮಗ. ಹೆಗಲು ಯಾರದು ಅಂತ ಸ್ವಲ್ಪ ನೋಡಿಕೊಳ್ಳಿ."

ಇದು ನಾಟಿತು. ಮಗ ಅಲ್ಲಿ ಕೆಲಸಕ್ಕಿದ್ದದ್ದು ನಿಜ. ಕೇಸು ಶುರುವಾದಂದಿನಿಂದ ಅವನು ಮನೆಯಲ್ಲಿ ಬಾಯಿ ಬಿಡುತ್ತಿದ್ದುದು ಊಟಕ್ಕೆ ಮಾತ್ರ. ಸೊಸೆ ಅತ್ತೆಯನ್ನು ಒಮ್ಮೆ ನೋಡಿ, ಸೂಜಿಗೆ ದಾರ ಪೋಣಿಸತೊಡಗಿದಳು. ನಾಲ್ಕನೇ ಸಲಕ್ಕೆ ದಾರ ಒಳಗೆ ಹೋಯಿತು.

ಮರುದಿನ ವಕೀಲೆ ಎಲ್ಲರನ್ನೂ ಆಫೀಸಿಗೆ ಕರೆಸಿದರು. ಝೆರಾಕ್ಸ್ ಅಂಗಡಿಯ ಮೇಲಿನ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಗುಮಾಸ್ತ, ಉಳಿದದ್ದರಲ್ಲಿ ಕೇಸಿನ ಕಟ್ಟುಗಳು, ಕಟ್ಟುಗಳಿಂದ ಉಳಿದದ್ದರಲ್ಲಿ ವಕೀಲೆ. ಪರೀಕ್ಷಾಲಯದಿಂದ ವಾಪಸು ತರಿಸಿದ ಹನ್ನೆರಡು ಸೀಸೆಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಹನ್ನೊಂದರ ತಳದಲ್ಲಿ ತುಕ್ಕಿನಂಥ ಕೆಂಪು ಕೆಸರು. ಕಂಡಕ್ಟರರ ಸೀಸೆ ಮಾತ್ರ ತಿಳಿ.

"ನೋಡಿ!" ಎಂದು ಎಲ್ಲರೂ ಒಟ್ಟಿಗೆ ಅಂದರು. "ಇವರದು ನಮ್ಮ ನೀರೇ ಅಲ್ಲ. ನಮ್ಮ ನೀರು ಒಂದು ದಿನ ಇಟ್ಟರೆ ಕೆಂಪಾಗುತ್ತೆ."

"ಕೂತ್ಕೊಳ್ಳಿ," ಎಂದರು ವಕೀಲೆ. "ಈ ವರದಿಯನ್ನ ನಾನೂ ಸೇರಿ ಯಾರೂ ಕೊನೇವರೆಗೆ ಓದಿಲ್ಲ. ಕೆಳಗಡೆ ಇರುವೆ ಹೆಜ್ಜೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ. ಒಂದರಿಂದ ಹನ್ನೊಂದರವರೆಗಿನ ಸೀಸೆಗಳಲ್ಲಿ ಆಮ್ಲ ಇರಲಿಲ್ಲ."

ಸೀಸೆ ಕಳಿಸುವಾಗಲೇ ಪರೀಕ್ಷಾಲಯದವರು ಒಳಗೆ ಕೆಲವು ಹನಿ ಆಮ್ಲ ಹಾಕಿರುತ್ತಾರಂತೆ. ಅದಿದ್ದರೆ ನೀರಿನಲ್ಲಿರುವುದೆಲ್ಲ ನೀರಿನಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ನೀರಿನ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯುತ್ತದೆ, ಪಾಷಾಣವೂ ಅದರ ಸೆರಗು ಹಿಡಿದು ಇಳಿಯುತ್ತದೆ. ಅಳತೆಯಾದದ್ದು ಮೇಲಿನ ತಿಳಿನೀರು.

"ಅಂದ್ರೆ ನನ್ನ ಸೀಸೆಯೊಂದೇ ಸರಿ," ಎಂದು ಕಂಡಕ್ಟರು ಸುತ್ತಲೂ ನೋಡಿದರು. ಜೀವಮಾನದಲ್ಲಿ ಒಮ್ಮೆ ಬರುವಂಥ ಗಳಿಗೆ.

"ನಿಮ್ಮದೊಂದನ್ನೇ ಇಟ್ಟುಕೊಂಡು ಹೋದರೆ ಎದುರು ಪಕ್ಷದವರು ನೀವೇ ಬೆರೆಸಿದಿರಿ ಅಂತಾರೆ. ಹನ್ನೊಂದರಿಂದ ಆಮ್ಲ ಹೇಗೆ ಹೋಯ್ತು ಅಂತ ಹೇಳಲಾಗದಿದ್ದರೆ ಸೋಮವಾರ ಕೇಸು ಬಿತ್ತು ಅಂತಲೇ ಲೆಕ್ಕ."

ಎಲ್ಲರ ಕಣ್ಣೂ ಗುಮಾಸ್ತನ ಕಡೆ ತಿರುಗಿದವು. ಸೀಸೆಯ ಪೆಟ್ಟಿಗೆ ತಂದವನು ಅವನೇ. ನೀರು ಹಿಡಿಯುವ ಹಿಂದಿನ ಸಂಜೆ ತಂದು ಸೀಸೆಯಮ್ಮನ ಜಗುಲಿಯಲ್ಲಿಟ್ಟು, ಮರುದಿನ ಬೆಳಿಗ್ಗೆ ಬಂದು ಎಲ್ಲರಿಂದ ನೀರು ತುಂಬಿಸಿಕೊಂಡು ಹೋಗಿದ್ದ. ಕಂಡಕ್ಟರು ಮಾತ್ರ ಪರರ ಜಗುಲಿಯನ್ನು ನಂಬದೆ ಆ ಸಂಜೆಯೇ ತಮ್ಮ ಸೀಸೆಯನ್ನು ಒಯ್ದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

"ಹೊಸ ಬೂಟು ಹಾಕ್ಕೊಂಡಿದಾನೆ ನೋಡಿ," ಎಂದು ಯಾರೋ ಹಿಂದಿನಿಂದ ಹೇಳಿದರು. "ಕಾರ್ಖಾನೆಯವರು ಕೊಡಿಸಿರ್ತಾರೆ."

"ಇದು ನನ್ನ ಭಾವನದು!" ಎಂದ ಗುಮಾಸ್ತ. "ಬೇಕಾದ್ರೆ ನೋಡಿ, ಒಂದು ಸೈಜು ದೊಡ್ಡದು. ಅಮ್ಮಾ, ನೀವಾದ್ರೂ ಹೇಳಿ. ಮುಟ್ಟಬೇಡಿ ಅಂತ ಹೇಳಿ ಇಟ್ಟು ಹೋಗಿದ್ದೆ ತಾನೇ?"

ಸೀಸೆಯಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಇಟ್ಟು ಹೋಗಿದ್ರಿ," ಎಂದಳು. ಅಷ್ಟೇ.

ಆಕೆ ಮೂವತ್ತೊಂದು ವರ್ಷ ಆಸ್ಪತ್ರೆಯ ಪರೀಕ್ಷಾಲಯದಲ್ಲಿ ಸೀಸೆ, ಕೊಳವೆಗಳನ್ನು ತೊಳೆದು ನಿವೃತ್ತಳಾದವಳು. ಒಬ್ಬ ರೋಗಿಯ ಹನಿ ಇನ್ನೊಬ್ಬನ ಸೀಸೆಯಲ್ಲಿ ಉಳಿಯಬಾರದು ಎಂಬುದೇ ಅವಳ ಧರ್ಮಶಾಸ್ತ್ರ. ನಿವೃತ್ತಿಯ ದಿನ ದೊಡ್ಡ ಡಾಕ್ಟರು, ಈಕೆಯ ಕೈಯಿಂದ ಕೊಳಕು ಸೀಸೆ ಬಂದದ್ದಿಲ್ಲ ಎಂದು ಎಲ್ಲರೆದುರು ಹೇಳಿದ್ದರು. ಹತ್ತು ವರ್ಷದಿಂದ ಆಕೆ ಆ ಮಾತಿನ ಮೇಲೆ ಬದುಕಿದ್ದಳು. ಆ ಸಂಜೆ ಪೆಟ್ಟಿಗೆ ತೆರೆದು ನೋಡಿದರೆ ಪ್ರತಿ ಸೀಸೆಯ ತಳದಲ್ಲೂ ಯಾರದೋ ಎಂಜಲಿನಂತೆ ನಾಲ್ಕು ಹನಿ. ಈಗಿನ ಹುಡುಗಿಯರಿಗೆ ತೊಳೆಯಲು ಬರುವುದಿಲ್ಲ ಎಂದು ಗೊಣಗುತ್ತ, ಹನ್ನೊಂದನ್ನೂ ಸೋಪು ಹಾಕಿ ಮೂರು ನೀರಿನಲ್ಲಿ ತೊಳೆದು ಬೋರಲು ಹಾಕಿದ್ದಳು. ಬೆರಳು ಚುರುಗುಟ್ಟಿದ್ದು ಈಗ ನೆನಪಾಯಿತು. ಮುಟ್ಟಬೇಡಿ ಎಂದಿದ್ದನೇನೋ ಸರಿ, ಆದರೆ ಆ ಮಾತು ತೊಳೆಯಲು ಬಾರದವರಿಗೆ ಎಂದುಕೊಂಡಿದ್ದಳು.

ಶನಿವಾರ ಮಧ್ಯಾಹ್ನ ಕಾರ್ಖಾನೆಯ ಅಧಿಕಾರಿಯೊಬ್ಬ ಗಲ್ಲಿಯ ಬಾಯಲ್ಲಿ ಮೇಜು ಹಾಕಿಸಿದ. ಮೇಜಿನ ಮೇಲೆ ಒಂದು ಫಾರಂ, ಪಕ್ಕದಲ್ಲಿ ನೀರು ಸೋಸುವ ಯಂತ್ರಗಳ ಹನ್ನೆರಡು ಡಬ್ಬಿ. ನಮ್ಮ ಕಾಯಿಲೆಗೂ ಕಾರ್ಖಾನೆಗೂ ಸಂಬಂಧವಿಲ್ಲ ಎಂದು ಸಹಿ ಹಾಕಿದವರಿಗೆ ಒಂದು ಡಬ್ಬಿ, ಜೊತೆಗೆ ಒಂದು ದಿನದ ಆರೋಗ್ಯ ತಪಾಸಣೆ. ಗುಮಾಸ್ತ ದುಡ್ಡು ತಿಂದ, ವಕೀಲೆಗೂ ಪಾಲಿದೆ, ಇನ್ನು ಕೇಸಿಲ್ಲ ಎಂದು ನಂಬಿದ ನಾಲ್ಕು ಮನೆಯವರು ಆಗಲೇ ಸಾಲಿನಲ್ಲಿದ್ದರು.

ಸೊಸೆ ಸೀರೆ ಸರಿಮಾಡಿಕೊಂಡು ಹೊರಟಳು.

"ಎಲ್ಲಿಗೆ?" ಎಂದಳು ಸೀಸೆಯಮ್ಮ.

"ಸಹಿ ಹಾಕೋಕೆ. ಬೀಳೋ ಕೇಸಿಗಿಂತ ಬರೋ ಡಬ್ಬಿ ವಾಸಿ."

"ಆ ಡಬ್ಬಿ ಮಣ್ಣು ಸೋಸುತ್ತೆ, ಪಾಷಾಣ ಸೋಸಲ್ಲ ಅಂತ ವಕೀಲಮ್ಮ ಹೇಳಿದಾರೆ."

"ವಕೀಲಮ್ಮನ್ನ ನಂಬಬೇಡ ಅಂದವರೂ ನೀವೇ ಅಲ್ವಾ ಅತ್ತೆ? ನಿನ್ನೆ ದಾರೀಲಿ ಹೇಳಿದ್ರಿ."

ಸೀಸೆಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಅನುಮಾನವನ್ನು ಹಂಚುವಾಗ ಎಷ್ಟು ಸಲೀಸಾಗಿ ಮಾತು ಬಂದಿತ್ತೋ ಈಗ ಅಷ್ಟೇ ಕಷ್ಟಪಟ್ಟು ಬಂತು. "ಸಹಿ ಹಾಕ್ಬೇಡ. ಸೀಸೆ ತೊಳೆದಿದ್ದು ನಾನು."

ಸೊಸೆ ನಗಲಿಲ್ಲ, ರೇಗಲಿಲ್ಲ. ಅತ್ತೆ ಬಾಗಿಲಿನ ಬೆಳಕು ತಡೆದಿದ್ದರಿಂದ ಒಳಗಿನ ಮಬ್ಬಿನಲ್ಲಿ ಅವಳ ಮುಖ ಕಾಣಿಸಲಿಲ್ಲ. "ನಿಮ್ಮ ಮಗ ಹೇಳಿಕೊಟ್ರಾ?" ಎಂದು ಮೆಲ್ಲಗೆ ಕೇಳಿದಳು.

"ಏನಂದೆ?"

"ಅವರ ಕೆಲಸ ಉಳೀಲಿ ಅಂತ ತೊಳೆದ್ರಾ?"

ಕಂಡಕ್ಟರು ಅಂದಾಗ ನಾಟಿದ್ದು ಮುಳ್ಳಾದರೆ ಇದು ಗೂಟ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡವಳ ಬಾಯಲ್ಲಿ ಈ ಮಾತು. ಆದರೆ ಸೀಸೆಯಮ್ಮ ಪ್ರಾಮಾಣಿಕಳಾಗಿದ್ದಳು; ತಾನು ಸೊಸೆಯ ಜಾಗದಲ್ಲಿದ್ದರೆ ಈ ಪ್ರಶ್ನೆಯನ್ನು ನಿನ್ನೆಯೇ, ಅದೂ ಬೀದಿಯಲ್ಲಿ ನಿಂತು, ಕೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

"ಮಗನಿಗೋಸ್ಕರ ಸುಳ್ಳು ಹೇಳ್ತೀನೇನೋ," ಎಂದಳು, "ಸೀಸೆ ವಿಷಯದಲ್ಲಿ ಹೇಳಲ್ಲ. ಕೊಳಕು ಅನ್ನಿಸ್ತು, ತೊಳೆದೆ. ನಿನ್ನ ಲೋಟಾನ ಎರಡೆರಡು ಸಲ ತೊಳೀತೀನಲ್ಲ, ಹಾಗೆ."

ಸೊಸೆಗೆ ನಂಬಿಕೆ ಬಂದದ್ದು ಈ ಕೊನೆಯ ಮಾತಿನಿಂದ. ಲೋಟದ ಸಂಗತಿ ಅವಳು ಇಪ್ಪತ್ತು ವರ್ಷದಿಂದ ಬಲ್ಲಳು.

"ಹಾಗಾದ್ರೆ ಗುಮಾಸ್ತರ ಹತ್ರ ಹೋಗಿ ಹೇಳಿ. ಈಗಲೇ."

"ಗಲ್ಲಿಯವರೆಲ್ಲ ನಗ್ತಾರೆ."

ಸೊಸೆ ಅಂಗೈ ಬಿಚ್ಚಿ ಅತ್ತೆಯ ಮುಖದ ಮುಂದೆ ಹಿಡಿದಳು. ಸೀಸೆಯಮ್ಮ ಚಪ್ಪಲಿ ಹುಡುಕಿದಳು.

ಸಾಲಿನಲ್ಲಿ ನಿಂತವರಿಗೆ ದಾರಿಯಲ್ಲೇ ವಿಷಯ ಹೇಳಿಯಾಯಿತು. ಇಬ್ಬರು ಅದಾಗಲೇ ಸಹಿ ಹಾಕಿ ಡಬ್ಬಿ ಕಂಕುಳಲ್ಲಿಟ್ಟುಕೊಂಡಿದ್ದರು. ಉಳಿದಿಬ್ಬರು, ಸಹಿಯೇನು ಸೋಮವಾರವೂ ಹಾಕಬಹುದು, ಮೊದಲು ತಮಾಷೆ ನೋಡೋಣ ಎಂದು ಸಾಲು ಬಿಟ್ಟರು. ಆಫೀಸಿನಲ್ಲಿ ಗುಮಾಸ್ತ ಹೇಳಿಕೆಯನ್ನು ಬರೆದುಕೊಂಡ. ಓದಿ ಹೇಳಿದಾಗ ಸೀಸೆಯಮ್ಮ ತಡೆದಳು.

"'ತೊಳೆದಿರುತ್ತೇನೆ' ಅಂತಷ್ಟೇ ಬರೆದಿದ್ದೀರಿ. 'ಚೆನ್ನಾಗಿ' ಅಂತ ಸೇರಿಸಿ."

"ಅದು ಯಾಕಮ್ಮಾ?"

"ಮೇಲುಮೇಲೆ ತೊಳೆದಿದ್ರೆ ನಿಮ್ಮ ಆಮ್ಲ ಅಲ್ಲೇ ಉಳೀತಿತ್ತು."

ವಕೀಲೆ ಒಳಗಿನಿಂದಲೇ, "ಸೇರಿಸು," ಎಂದರು.

ಸೋಮವಾರ ಕಾರ್ಖಾನೆಯ ವಕೀಲರು ಆಕೆಯನ್ನು ಬಹಳ ಮೃದುವಾಗಿ ವಿಚಾರಿಸಿಕೊಂಡರು. ಮೃದುವಾಗಿ ಮಾತಾಡುವವರನ್ನು ಕಂಡರೆ ಸೀಸೆಯಮ್ಮನಿಗೆ ಮೊದಲಿಂದಲೂ ಆಗುತ್ತಿರಲಿಲ್ಲ.

"ಅಮ್ಮಾ, ಕೇಸು ಬೀಳುತ್ತೆ ಅಂತ ಗೊತ್ತಾದ ಮೇಲೆ ಈ ಕಥೆ ಕಟ್ಟಿದ್ದು ಅಲ್ವಾ?"

"ಕಟ್ಟೋದಾದ್ರೆ ಬೇರೆಯವರು ತೊಳೆದ್ರು ಅಂತ ಕಟ್ತಿದ್ದೆ. ನನ್ನ ಮರ್ಯಾದೆ ನಾನೇ ಯಾಕೆ ತೆಗೀಲಿ?"

"ನೀವು ತೊಳೆದಿರಿ ಅನ್ನೋದಕ್ಕೆ ಏನು ಸಾಕ್ಷಿ?"

"ಮೂವತ್ತೊಂದು ವರ್ಷ ತೊಳೆದಿದ್ದಕ್ಕೆ ಪೆನ್ಷನ್ ಬರ್ತಿದೆ. ಸಾಲದಾ?"

ನ್ಯಾಯಾಧೀಶರು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಆಮೇಲೆ ತಲೆಯೆತ್ತಿ, ನ್ಯಾಯಾಲಯದಿಂದ ನೇಮಿಸಿದ ಅಧಿಕಾರಿಯ ಎದುರಿನಲ್ಲೇ ಹೊಸದಾಗಿ ನೀರು ಹಿಡಿದು ಸೀಲು ಹಾಕಬೇಕೆಂದು ಹೇಳಿದರು.

ನೀರು ಹಿಡಿಯುವ ದಿನ ಕಂಡಕ್ಟರು ಕುರ್ಚಿ ಹಾಕಿಕೊಂಡು ಸೀಸೆಯಮ್ಮನ ಎದುರಿಗೆ ಕುಳಿತರು. ಅಧಿಕಾರಿಯ ಮೇಲೆ ಒಂದು ಕಣ್ಣು, ಆಕೆಯ ಕೈಗಳ ಮೇಲೆ ಒಂದು. ಆಕೆ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದಳು. ಏಳನೆಯ ಸೀಸೆಯ ಹೊಟ್ಟೆಯ ಮೇಲೆ ಯಾರದೋ ಬೆರಳಿನ ಎಣ್ಣೆಯ ಗುರುತಿತ್ತು. ಅದನ್ನೇ ನೋಡಿ ನೋಡಿ ಕೊನೆಗೆ ತಡೆಯಲಾರದೆ ಗುಮಾಸ್ತನನ್ನು ಕೇಳಿದಳು: "ಹೊರಗಡೆ ಒರೆಸಬಹುದಾ?"

"ಬೇಡ!" ಎಂದಿತು ಇಡೀ ಗಲ್ಲಿ.

ಮೂರು ವಾರಕ್ಕೆ ವರದಿ ಬಂತು. ಈ ಸಲ ಸಣ್ಣ ಅಕ್ಷರದ ಸಾಲಿನಿಂದಲೇ ಓದಲು ಶುರುಮಾಡಿದರು. ಹನ್ನೆರಡೂ ಫೇಲು. ನೂರಾ ಅರವತ್ತಕ್ಕಿಂತ ಕಡಿಮೆ ಒಂದೂ ಇಲ್ಲ. ಗೋಡೆಗೆ ಹತ್ತಿರವಿದ್ದ ಸೀಸೆಯಮ್ಮನ ಮನೆಯ ನೀರು ನೂರಾ ತೊಂಬತ್ತೆಂಟು. ಗಲ್ಲಿಯಲ್ಲಿ ಚಪ್ಪಾಳೆಯೇ ಬಿತ್ತು. ಆಮೇಲೆ ಒಬ್ಬೊಬ್ಬರಾಗಿ, ಇಷ್ಟು ವರ್ಷ ಕುಡಿದದ್ದು ಇದನ್ನೇ ಎಂಬುದು ತಲೆಗೆ ಇಳಿದು, ತಂತಮ್ಮ ಬಾಗಿಲೊಳಗೆ ಹೋದರು.

ಬಾವಿಗೆ ಬೀಗ ಬಿತ್ತು. ಕಾರ್ಖಾನೆಯ ಖರ್ಚಿನಲ್ಲಿ ದಿನಕ್ಕೆರಡು ಟ್ಯಾಂಕರ್ ನೀರು, ಪ್ರತಿಯೊಬ್ಬರಿಗೂ ತಪಾಸಣೆ, ಕಾಯಿಲೆಯವರಿಗೆ ಚಿಕಿತ್ಸೆ ಎಂದು ಆದೇಶವಾಯಿತು. ಪರಿಹಾರದ ಕೇಸು ಇನ್ನೂ ಎಳೆಯುತ್ತದೆ ಎಂದರು ವಕೀಲೆ. ಮಗನನ್ನು ಕಂಬ ಎಣಿಸುವ ಕೆಲಸದಿಂದ ತೆಗೆದರು. ಅವನು ಮನೆಯಲ್ಲಿ ಮಾತಾಡಲು ಶುರುಮಾಡಿದ, ಮುಖ್ಯವಾಗಿ ಬೈಯಲು.

ತಪಾಸಣೆಯ ದಿನ ಚರ್ಮದ ಡಾಕ್ಟರು ಸೊಸೆಯ ಕೈ ನೋಡಿ, ಮುಲಾಮು ಬರೆದು, ಬೆರಳಿನ ಸ್ಪರ್ಶ ಪೂರ್ತಿ ವಾಪಸಾಗುತ್ತದೆಂದು ಮಾತು ಕೊಡಲಾರೆ, ಗಂಟು ಹುಣ್ಣಾಗದಂತೆ ನೋಡಿಕೊಳ್ಳೋಣ ಎಂದರು. "ಮುಂದಿನವರು?"

ಮುಂದೆ ನಿಂತಿದ್ದವಳು ಸೀಸೆಯಮ್ಮ. "ನಾನು ಜೊತೆಗೆ ಬಂದೋಳು ಅಷ್ಟೇ," ಎಂದಳು.

ಸೊಸೆ ಆಕೆಯ ಮಣಿಕಟ್ಟು ಹಿಡಿದು ಕೈಯನ್ನು ಮೇಲಕ್ಕೆ ಮಾಡಿದಳು. ಅಂಗೈ ತುಂಬ ಅದೇ ಗಂಟುಗಳು. ಸೆರಗು ಸರಿದ ಕಡೆ ತೋಳಿನ ಮೇಲೆ ಮಸಿ ಚೆಲ್ಲಿದಂಥ ಕಪ್ಪು ಚುಕ್ಕೆಗಳು.

"ಇದು ಸೀಸೆ ತೊಳೆದ ಕೈ," ಎಂದಳು ಸೀಸೆಯಮ್ಮ.

"ತೊಳೆಯೋದು ಬಿಟ್ಟು ಹತ್ತು ವರ್ಷ ಆಯ್ತಲ್ಲ ಅತ್ತೆ. ಇದು ಎದ್ದು ನಾಲ್ಕು ವರ್ಷ ಆಗಿಲ್ಲ. ನನಗೆ ಗೊತ್ತಿಲ್ವಾ?"

ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ ಬರೆದುಕೊಂಡರು. ಗುಮಾಸ್ತ ಕಾಯಿಲೆಯವರ ಪಟ್ಟಿಯಲ್ಲಿ ಆಕೆಯದನ್ನು ಹದಿಮೂರನೆಯ ಹೆಸರಾಗಿ ಬರೆದುಕೊಂಡ. ಹಿಂದೆ ನಿಂತಿದ್ದ ಕಂಡಕ್ಟರು ಕತ್ತು ಉದ್ದ ಮಾಡಿ ಆ ಚುಕ್ಕೆಗಳನ್ನು ಸಾಕಷ್ಟು ಹೊತ್ತು ಪರಿಶೀಲಿಸಿದರು.

"ಬಣ್ಣಗಿಣ್ಣ ಹಚ್ಚಿಕೊಂಡಿಲ್ಲ ತಾನೇ?"

ಸೀಸೆಯಮ್ಮ ತೋಳನ್ನು ಅವರ ಮುಂದೆ ಚಾಚಿದಳು.

"ತೊಳೆದು ನೋಡಿ," ಎಂದಳು.