ಅತ್ತೆಯ ಮೂವತ್ತು, ನನ್ನ ಸೊನ್ನೆ

ಬಟಾಣಿ ಸೂಪು ಒಲೆಯ ಮೇಲಿತ್ತು. ಆರು ವರ್ಷದ ಮಗಳು ಮೋದ್ ಚಮಚ ಹಿಡಿದು ಕೂತಿದ್ದಳು. ಇನ್ಸುಲಿನ್ ಕೊಡದೆ ಅವಳಿಗೆ ಊಟ ಹಾಕುವಂತಿಲ್ಲ. ನಾನು ಸೀಸೆ ಹಿಡಿದು ಅಡುಗೆಮನೆಯಲ್ಲೇ ಅತ್ತಿತ್ತ ಸುತ್ತುತ್ತಿದ್ದೆ.

ನಿನ್ನೆ ಸೀಸೆಯನ್ನು ಹಿಂಬದಿಯ ಕೋಣೆಯ ಫ್ರಿಜ್ಜಿನಲ್ಲಿಟ್ಟಿದ್ದೆ. ಅದರೊಳಗೆ ಅತ್ತೆಯ ಹಳೆಯ ಥರ್ಮಾಮೀಟರ್ ಇದೆ. ಉಷ್ಣತೆ ಎಷ್ಟು ಕೆಳಗಿಳಿದಿತ್ತೋ ಅಲ್ಲೇ ನಿಲ್ಲುವ ಪುಟ್ಟ ಕಡ್ಡಿಯೊಂದು ಅದರಲ್ಲಿದೆ. ಬೆಳಿಗ್ಗೆ ಅದು ಮೂವತ್ತರಲ್ಲಿ ನಿಂತಿತ್ತು.

ನನಗೆ ಮೂವತ್ತೆಂದರೆ ಜುಲೈ ತಿಂಗಳ ಬೇಸಿಗೆಯ ಸೆಕೆ. ಆದರೆ ಕೆನಡಾ ಸೆಲ್ಸಿಯಸ್‌ಗೆ ಬದಲಾಗಿ ಇಷ್ಟು ವರ್ಷವಾದರೂ ಅತ್ತೆ ರೋಲಾಂದ್ ಫ್ಯಾರನ್‌ಹೀಟ್ ಬಿಟ್ಟವರಲ್ಲ.

"ನಿನ್ನ ಸೊನ್ನೆ ಅಂದ್ರೆ ನನ್ನ ಮೂವತ್ತೆರಡು ಕಣೇ. ಇದು ಅದಕ್ಕೂ ಎರಡು ಕೆಳಗೆ. ಹೆಪ್ಪುಗಟ್ಟಿದೆ."

ಔಷಧಿ ಅಂಗಡಿಗೆ ಫೋನ್ ಮಾಡಿದೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಹಾಗೇ ಇರುತ್ತದೆ, ಶಕ್ತಿ ಮಾತ್ರ ಉಳಿದಿರುವುದಿಲ್ಲ, ಎಸೆಯಿರಿ ಎಂದರು. ಬೇರೆ ಸೀಸೆ ಬರಬೇಕಾದರೆ ಷಿಕೂತಿಮಿ ಪಟ್ಟಣದ ದಾರಿಯ ಹಿಮ ತೆಗೆಯಬೇಕು, ಸಂಜೆಯಾಗುತ್ತದೆ.

ಆಗ ನೆನಪಾಯಿತು, ಆ ಥರ್ಮಾಮೀಟರ್ ಬೇಸಿಗೆಯಲ್ಲಿ ನೆಲಕ್ಕೆ ಬಿದ್ದಿತ್ತು. ಅದನ್ನು ನಂಬಬಹುದೇ ಎಂದೆ. ನಿನ್ನ ಮದುವೆಗಿಂತ ಹಳೆಯದು ಅದು ಎಂದು ಗೊಣಗುತ್ತಲೇ ಅತ್ತೆ ಅಂಗಳದಿಂದ ಬಟ್ಟಲು ತುಂಬ ಹಿಮ ತಂದು ಥರ್ಮಾಮೀಟರನ್ನು ಅದರೊಳಗೆ ಚುಚ್ಚಿದರು.

"ತಾಳಿ ಅತ್ತೆ. ಒಣ ಹಿಮ ಸೊನ್ನೆಗಿಂತ ಎಷ್ಟೋ ತಣ್ಣಗಿರುತ್ತೆ. ಕರಗೋಕೆ ಶುರುವಾಗಲಿ."

ನೀರು ಸುರಿದು ಕಲಕಿದೆ. ನೀರು ಹೆಪ್ಪುಗಟ್ಟುವುದೂ ಹಿಮ ಕರಗುವುದೂ ಒಂದೇ ಗೆರೆಯಲ್ಲಿ. ಎರಡೂ ಕೂಡಿರುವ ತನಕ ಬಟ್ಟಲು ಆ ಗೆರೆ ಬಿಟ್ಟು ಕದಲುವುದಿಲ್ಲ. ಕಾಯುತ್ತ ಲೋಟ ತೊಳೆದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಹಸಿವು ಎಂದು ಮೋದ್ ಎರಡು ಸಲ ಹೇಳಿದಳು.

ಪಾದರಸ ಇಪ್ಪತ್ತೆಂಟಕ್ಕೆ ಬಂದು ನಿಂತಿತು. ಮತ್ತೆ ಕಲಕಿದೆ. ಇಪ್ಪತ್ತೆಂಟೇ.

"ಮೂವತ್ತೆರಡು ತೋರಿಸಬೇಕಿತ್ತು," ಎಂದೆ. "ನಾಲ್ಕು ಕಡಿಮೆ ಹೇಳ್ತಿದೆ."

ಅತ್ತೆ ಬೆರಳು ಮಡಚಿದರು. "ಹಾಗಾದ್ರೆ ಆ ಮೂವತ್ತು, ಮೂವತ್ತನಾಲ್ಕು. ಹೆಪ್ಪುಗಟ್ಟೇ ಇಲ್ಲ."

ಅಂಗಡಿಯವರಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ. ಕೊಡಿ, ಎರಡು ಗಂಟೆ ಬಿಟ್ಟು ರಕ್ತದ ಸಕ್ಕರೆ ನೋಡಿ ಎಂದರು. ಇನ್ಸುಲಿನ್ ಕೊಟ್ಟು ಸೂಪು ಬಡಿಸಿದೆ. ಆ ಎರಡು ಗಂಟೆ ನಾನು ಕೂರಲಿಲ್ಲ. ಕೊನೆಗೆ ಮಗಳ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇರಬೇಕಾದಷ್ಟೇ ಇತ್ತು.

ತಿರುಗಿದಾಗ ಅತ್ತೆ ಕನ್ನಡಕ ಹಾಕಿಕೊಂಡು, ಥರ್ಮಾಮೀಟರಿನ ಇಪ್ಪತ್ತೆಂಟರ ಪಕ್ಕ ಕೆಂಪು ಬಣ್ಣದಲ್ಲಿ ಒಂದು ಸೊನ್ನೆ ಬರೆಯುತ್ತಿದ್ದರು.