ಮೂರನೆಯ ಬಟ್ಟಲು

ಬಟ್ಟಲು ಗಡಿಗೆಯ ತಳದಲ್ಲಿದೆ, ಮೂರನೆಯ ಸಲ ಯಾವಾಗ ಮುಳುಗಿತು ಇದು, ಈಗಷ್ಟೇ ಅಂಚು ನೀರಿನ ಮೇಲಿತ್ತಲ್ಲ — ಈಗಷ್ಟೇ ಅಂದರೆ ಎಷ್ಟು ಹೊತ್ತು, ಹೇಳು ಅಯ್ಯಮ್ಮ, ಗಡಿಗೆಯ ಮೇಲಿದ್ದ ಬೇವಿನ ನೆರಳೂ ಸರಿದುಹೋಗಿದೆ, ತಾಯಪ್ಪನ ನೆಲ್ಲಿನ ಮಡಿ ತುಂಬಿ ಬದು ದಾಟಿ ನೀರು ಹುಲ್ಲಿಗೆ ಹರಿಯುತ್ತಿದೆ, ಮಡಿಯ ಬಾಯಿ ಮುಚ್ಚು, ಮಣ್ಣು ಎಳೆ, ತಾಯಪ್ಪ ಮಡಿ ನೋಡಿದ, ನನ್ನ ಮುಖ ನೋಡಿದ, ಸಲಿಕೆ ಹೆಗಲಿಗಿಟ್ಟು ಹೋದ, ಅವನಿಗೇನು, ಹೆಚ್ಚಿಗೆ ಸಿಕ್ಕವನು ಯಾಕೆ ಬಾಯಿ ಬಿಟ್ಟಾನು. ಬೆಳಿಗ್ಗೆ ಚಳಿಜ್ವರದಲ್ಲಿ ನಡುಗುತ್ತಲೇ ಗಂಡ ಈ ತಾಮ್ರದ ಬಟ್ಟಲು ಕೈಗೆ ಕೊಟ್ಟಿದ್ದ, ತೂತು ಸಣ್ಣದದ, ತುಂಬಿ ಮುಳುಗಾಕ ಹೊತ್ತು ಹಿಡಿತದ, ಮೂರು ಸಲ ಮುಳುಗಿದ್ರ ಒಬ್ಬರ ಪಾಳಿ, ಬ್ಯಾಸತ್ತು ಆಕಡಿ ಈಕಡಿ ನೋಡಬ್ಯಾಡ, ಊರಿಗೆ ನೀರು ಹಂಚಾ ಮನಿ ನಮ್ಮದು, ಹ್ಞೂಂ ಅಂದಿದ್ದೆ, ದೊಡ್ಡದಾಗಿ ಹ್ಞೂಂ ಅಂದಿದ್ದೆ.

ಕೆರೆಯಲ್ಲಿ ಗೆರೆಯ ಮೇಲೆ ಎರಡೇ ಬೆರಳು ನೀರು, ಹೋದ ಬೇಸಿಗೆಯಲ್ಲಿ ಮಸ್ಕಿ ಹಳ್ಳದ ಉಸುಕು ತೋಡಿ ಕೊಡ ತುಂಬಿಸಿದ ಮೇಲೆ ಊರೇ ಕೂಡಿ ತೂಬಿನ ಕಲ್ಲಿಗೆ ಹಾಕಿದ ಗೆರೆ, ಕಂದಾಯದ ಗಿರ್ದಾವರ ಅಮೀನ್‌ಸಾಬ್ ಮುಂದೆ ನಿಂತು ಹೊಡೆಸಿದ್ದು, ಈ ಗೆರಿ ಕಂಡ್ತಂದ್ರ ತೂಬು ಬಂದ್, ಕೆಳಗಿಂದು ದನಕ್ಕ ಜನಕ್ಕ, ನಿಜಾಮ ಸಾಹೇಬ್ರೇ ಕೇಳಿದ್ರೂ ಕೊಡಬ್ಯಾಡ್ರಿ ಅಂದಿದ್ದರು. ಎರಡು ಬೆರಳೆಂದರೆ ಒಂದೇ ಪಾಳಿ, ಇನ್ನೊಂದು ಪಾಳಿಯ ನೀರು ಹುಲ್ಲಿಗೆ ಹೋಯಿತು, ಉಳಿದ ಮಡಿ ಎರಡು, ಮೊದಲು ನಮ್ಮದು, ಕಡೆಗೆ ಜಂಬಮ್ಮನದು, ಎರಡರಲ್ಲೂ ತೆನೆ ಹಾಲು ಹಿಡಿದಿದೆ, ಈ ನೀರು ತಪ್ಪಿದರೆ ಬರೀ ಜೊಳ್ಳು. ನಮ್ಮದಕ್ಕೇ ಬಿಟ್ಟುಕೊಂಡರೆ, ಆಮೇಲೆ ಗೆರಿ ಕಂಡ್ತು ಜಂಬಮ್ಮ, ನಾ ಏನು ಮಾಡ್ಲಿ ಅಂದರೆ, ಸುಳ್ಳೇನಲ್ಲ, ಗೆರೆ ಕಂಡೇ ಕಾಣುತ್ತದೆ, ತಾಯಪ್ಪ ಸುಮ್ಮನಿರುತ್ತಾನೆ, ಜಂಬಮ್ಮ ನಂಬುತ್ತಾಳೆ — ನೋಡು, ನನಗೆ ಬೆನ್ನು ಮಾಡಿ ಕೂತು ಕಳೆ ಆರಿಸುತ್ತಿದ್ದಾಳೆ, ನಿಮ್ಮ ಮನಿಯವರು ಬಟ್ಟಲ ಇಟ್ಟ ಮ್ಯಾಲ ನಾ ಯಾಕ ಕಾಯ್ಕೊಂಡು ಕುಂದ್ರಲಿ ಅನ್ನುವವಳು, ಆ ಬೆನ್ನು ನೋಡಿದರೆ ನಾಚಿಕೆಯಾಗುತ್ತದೆ.

ಅಷ್ಟಕ್ಕೂ ಏನು ಯೋಚಿಸುತ್ತಿದ್ದೆ ಆಗ, ಮಗಳು ಪೀರಮ್ಮನ ಮಾತು, ಅವಳು ಅನ್ನ ಉಂಡದ್ದು ಮಂದಿಯ ಮದುವೆಯಲ್ಲೇ, ಅವ್ವಾ ನಮ್ಮ ನೆಲ್ಲು ಬಂದ್ರ ಮನ್ಯಾಗ ಅನ್ನ ಮಾಡ್ತೀಯೇನು, ಮಾಡ್ತೀನಿ ಬೇ, ಎಂಟು ದಿನ ಮಾಡ್ತೀನಿ, ಗಂಜಿ ಉಕ್ಕುವುದು, ಆ ವಾಸನೆ, ಅವಳು ಬೆರಳು ನೆಕ್ಕುವುದು, ಅದನ್ನೇ ನೋಡುತ್ತ ಕೂತಿದ್ದೆ ಕಣ್ಣು ತೆರೆದುಕೊಂಡೇ, ಅಷ್ಟರಲ್ಲಿ ಅಲ್ಲಿ ತಾಯಪ್ಪನ ಬದುವಿನ ಮೇಲೆ ನಮ್ಮ ಅನ್ನ ಹರಿದುಹೋಯಿತು. ಕಾಲುಗಳು ನಮ್ಮ ಮಡಿ ದಾಟುತ್ತಿವೆ, ನಿಲ್ಲಬೇಡ, ತೆನೆ ಸೀರೆಗೆ ತಾಗಿದರೂ ತಿರುಗಬೇಡ, ಜಂಬಮ್ಮನ ಮಡಿಯ ಬಾಯಿ ಬಿಡಿಸು, ಓಡಿ ಬಾ, ಬಟ್ಟಲು ನೀರ ಮೇಲಿಡು. ಅಯ್ಯಮ್ಮ, ನಿಮ್ಮ ಮಡಿ ಬಿಟ್ಟು ಬಂದಿಯಲ್ಲ, ಮರ್ತಿಯೇನು — ಜಂಬಮ್ಮ ಕೇಳುತ್ತಿದ್ದಾಳೆ, ಉತ್ತರ ಕೊಟ್ಟರೆ ಕಣ್ಣು ಅತ್ತ ಹೋಗುತ್ತದೆ, ಕೊಡಲಾರೆ, ಒಂದು ಮುಳುಗಿತು, ಎರಡು ಮುಳುಗಿತು, ಮೂರನೆಯ ಸಲ ಇಟ್ಟೆ, ಪೀರಮ್ಮ ಉಣ್ಣುವ ಬಟ್ಟಲೂ ಇಷ್ಟೇ ಅಗಲ, ನೀರು ಅಂಚಿಗೆ ಬರುತ್ತಿದೆ, ಇಷ್ಟೇ ಅಗಲ, ಬರುತ್ತಿದೆ, ಇಷ್ಟೇ