ಹಬೆಯ ಮನೆಯ ಮೂಗು

ಲಿಯೊನಿಲ್ಡ ಫುರ್ತಾದು ಯಾರ ಮನೆಗೆ ಹೋದರೂ ಮೊದಲು ಬಾಯಿ ಬಿಟ್ಟವಳಲ್ಲ. ಹೊಸ್ತಿಲಲ್ಲೇ ನಿಂತು, ಕಂದು ಕೋಟಿನ ಗುಂಡಿಯನ್ನೂ ಬಿಚ್ಚದೆ, ಗದ್ದವನ್ನು ತುಸು ಮೇಲೆತ್ತಿ ದೀರ್ಘವಾಗಿ ಒಂದು ಉಸಿರೆಳೆದುಕೊಳ್ಳುತ್ತಿದ್ದಳು. ಆ ಉಸಿರು ಒಳಗೆ ಹೋಗಿ ವರದಿ ಒಪ್ಪಿಸಿದ ಮೇಲಷ್ಟೇ ಮಾತು. "ಕಾಫಿ ಸೀದಿದೆ. ಗಂಡ ಹೆಂಡ್ತಿ ಜಗಳ ಆಡಿದ್ರಾ?" ಅಮೆರಿಕದ ಫಾಲ್ ರಿವರ್‌ನ ಪೋರ್ಚುಗೀಸ್ ಬೀದಿಯಲ್ಲಿ ಅವಳು ಬರುವುದು ಕಂಡರೆ ಹೆಂಗಸರು ಮೊದಲು ಕಿಟಕಿ ತೆರೆದು ಆಮೇಲೆ ಬಾಗಿಲು ತೆರೆಯುತ್ತಿದ್ದರು.

ಆ ಮೂಗನ್ನು ಸಾಣೆ ಹಿಡಿದದ್ದು ಅವಳ ಮರದ ಮೂರಂತಸ್ತಿನ ಮನೆಯ ನೆಲಮಾಳಿಗೆಯಲ್ಲಿದ್ದ, ಕೋಣೆಕೋಣೆಯ ರೇಡಿಯೇಟರಿಗೆ ಹಬೆ ಕಳಿಸಿ ಮನೆ ಬೆಚ್ಚಗಿಡುವ ಬಾಯ್ಲರ್. ಗಿರಣಿಯ ಮಗ್ಗದ ಮುಂದೆ ನಿಂತೂ ನಿಂತೂ ಸೆಟೆದ ಮೊಣಕಾಲನ್ನು ಎಳೆದುಕೊಂಡು ಏಡಿಯ ಹಾಗೆ ಅಡ್ಡಡ್ಡ ಮೆಟ್ಟಿಲಿಳಿಯುತ್ತಿದ್ದಳು. ಬೇಸಿಗೆಯಿಡೀ ರೇಡಿಯೇಟರ್ ಮೇಲೆ ಕೂತ ಧೂಳು ಮೊದಲ ಹಬೆಗೆ ಸುಡುವ ವಾಸನೆ, ಹಬೆ ಸೋರಿ ಗೋಡೆ ನೆನೆದ ವಾಸನೆ, ನೀರು ಕೊಳಕಾದ ಬಾಯ್ಲರಿನ ತುಕ್ಕಿನ ವಾಸನೆ, ಇವೆಲ್ಲ ಅವಳಿಗೆ ಮಕ್ಕಳ ಅಳುವಿನಷ್ಟೇ ಬೇರೆಬೇರೆ. ತೀರಿಕೊಂಡ ಗಂಡ ಗ್ವಾಲ್ತೆರ್ ಬಾಯ್ಲರನ್ನು 'ಮುದುಕಿ' ಎನ್ನುತ್ತಿದ್ದ. ಚಳಿಗಾಲದ ಮುಂಜಾವಿನಲ್ಲಿ ಅವಳು ಮಿದ್ದ ಸಿಹಿರೊಟ್ಟಿಯ ಹಿಟ್ಟು ರೇಡಿಯೇಟರ್ ಮೇಲೆ ಉಬ್ಬುತ್ತ ಕೂತಿದ್ದರೆ, ಅವನು ಪಕ್ಕದಲ್ಲೇ ಕಾಲುಚೀಲ ಒಣಗಿಸುತ್ತ, "ಮುದುಕಿ ಇವತ್ತು ಖುಷಿಯಾಗಿದ್ದಾಳೆ ಕಣೇ" ಎನ್ನುತ್ತಿದ್ದ.

ಒಂದು ಚಳಿಗಾಲ ಕೆಳಗಿನ ಪೈಪು ಸೋರಿ ನೆಲದಲ್ಲಿ ಕೊಚ್ಚೆಯಾಯಿತು. ಮಗ ದುವಾರ್ತೆ ಬಂದು ಹೊಸ ಪೈಪು ಹಾಕಿದ. ಸೋರಿಕೆ ನಿಂತಿತು, ವಾಸನೆ ಶುರುವಾಯಿತು. ಬಾಯ್ಲರಿನ ತಳದ ನಲ್ಲಿ ತೆರೆದು ದಿನವೂ ನೀರು ಬಿಟ್ಟ, ವಾಸನೆ ಕದಲಲಿಲ್ಲ.

"ಭಾನುವಾರದೊಳಗೆ ಹೋಗ್ಲಿಲ್ಲ ಅಂದ್ರೆ ಬಾಯ್ಲರ್ ಕಿತ್ತೆಸೀತೀನಿ, ಅಮ್ಮ. ನೀನು ನಮ್ಮನೆಗೆ ಬಂದ್ಬಿಡು."

ಮರುದಿನ ಮೇಲಂತಸ್ತಿನ ಬಾಡಿಗೆದಾರ ನೊರ್ಬೆರ್ಟು ಇಳಿದು ಬಂದ. "ದಿಂಬಿಗೆ ಹತ್ತಿದೆ, ಪರದೆಗೆ ಹತ್ತಿದೆ, ಈಗ ನನ್ನ ಮೀಸೆಗೂ ಹತ್ತಿದೆ, ದೋನ ಲಿಯೊನಿಲ್ಡ."

ಅವಳು ಗದ್ದ ಎತ್ತಿ ಉಸಿರೆಳೆದಳು. "ಅದು ನಿಮ್ಮ ಒಣಮೀನು. ನೆನೆಹಾಕಿದ ನೀರು ಚೆಲ್ಲಿ, ಹೋಗುತ್ತೆ."

"ಮೀನು ತಿಂದು ವಾರ ಆಯ್ತು, ಪುಣ್ಯಾತ್ಗಿತ್ತಿ."

ಪಕ್ಕದಲ್ಲಿದ್ದ ದುವಾರ್ತೆಯ ಮಗಳು ಜುಲ್ಮೀರಾ ಬೆಚ್ಚಿದಳು. ಕಾಲೇಜಿಗೆ ಹತ್ತಿರವೆಂದು ಅಜ್ಜಿಯ ಜೊತೆಗೇ ಇದ್ದ ಹುಡುಗಿ. ಸುಟ್ಟೆಣ್ಣೆಯ ನಾತ ಗಂಟಲಿಗೇ ಇಳಿಯುತ್ತಿತ್ತು. ಮೀನಿನ ಸುಳಿವೇ ಇಲ್ಲ. ನಿನ್ನೆ ಸಾರು ತಳ ಹಿಡಿದಾಗಲೂ ಅಜ್ಜಿ ಒಲೆಯ ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದುದು ಅವಳಿಗೆ ಈಗ ನೆನಪಾಯಿತು.

ನೊರ್ಬೆರ್ಟು ಹೋದ ಮೇಲೆ ಮೆಲ್ಲನೆ ಕೇಳಿದಳು. "ವಾವೊ, ಯಾವಾಗಿಂದ?" ಆ ಬೀದಿಯ ಮೊಮ್ಮಕ್ಕಳು ಅಜ್ಜಿಯನ್ನು ಕರೆಯುವುದೇ ಹಾಗೆ.

ಲಿಯೊನಿಲ್ಡ ಕೋಟಿನ ಗುಂಡಿಯನ್ನು ಹಾಕಿದಳು, ಬಿಚ್ಚಿದಳು. "ಜ್ವರದಲ್ಲಿ ಮಲಗಿದ್ನಲ್ಲ, ಆಗಿಂದ ಯಾವ ವಾಸನೆಯೂ ಹತ್ತಲ್ಲ. ನಿಮ್ಮಪ್ಪಂಗೆ ಹೇಳ್ಬೇಡ. ಮೂಗಿಲ್ಲದೋಳನ್ನ ಬೆಂಕಿ ಪಕ್ಕ ಒಬ್ಳೇ ಬಿಡ್ತಾನಾ ಅವನು? ಮನೆ ಬಿಡಿಸ್ತಾನೆ."

ಆಮೇಲೆ ಇಬ್ಬರೂ ನೆಲಮಾಳಿಗೆಗೆ ಇಳಿದರು. ಅಜ್ಜಿ ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿಯನ್ನು ಪ್ರತಿ ಜೋಡಣೆಯ ಹತ್ತಿರ ಹಿಡಿದಳು. ಎಲ್ಲೂ ಹಬೆ ಕಟ್ಟಲಿಲ್ಲ. "ಸೋರಿಕೆಗೆ ಕಣ್ಣು ಸಾಕು. ವಾಸನೆಗೆ ನೀನೇ ಬೇಕು. ಹೇಳು, ಗ್ಯಾಸಾ, ಹೊಗೆಯಾ, ತುಕ್ಕಾ?"

"ಯಾವುದೂ ಅಲ್ಲ. ಹಬ್ಬಕ್ಕೆ ಮಲಸಾದ ಕರಿದ್ಮೇಲೆ ಬಾಣಲೇಲಿ ಉಳಿಯುತ್ತಲ್ಲ, ಆ ಎಣ್ಣೆ. ಜೊತೆಗೆ ಸ್ವಲ್ಪ ಕಬ್ಬಿಣ."

ಮಟ್ಟ ತೋರುವ ಗಾಜಿನ ಕೊಳವೆಯಲ್ಲಿ ನೀರು ಮೇಕೆಮರಿಯಂತೆ ಕುಪ್ಪಳಿಸುತ್ತಿತ್ತು. ಅದನ್ನು ನೋಡುತ್ತ ಅಜ್ಜಿಯ ಮುಖ ಅರಳಿತು. "ನೀರು ಹೀಗೆ ಕುಣಿಯೋದು ಜಿಡ್ಡಿಗೇ. ಹೊಸ ಪೈಪಿನ ಎಣ್ಣೆ. ತುದಿಗೆ ತಿರುಪಿನ ಥ್ರೆಡ್ ಕೊರೆಯೋವಾಗ ಹಚ್ತಾರೆ. ಅದು ನೀರಿನ ಮೇಲೆ ತೇಲ್ತಾ ಇದೆ, ನಿಮ್ಮಪ್ಪ ತಳದಿಂದ ನೀರು ಬಿಡ್ತಾ ಇದಾನೆ. ಸಾರಿನ ಜಿಡ್ಡು ತೆಗೆಯೋಕೆ ಪಾತ್ರೆ ತಳಕ್ಕೆ ತೂತು ಹೊಡೀತಾರಾ ಯಾರಾದ್ರೂ?" ಸ್ವಲ್ಪ ಯೋಚಿಸಿ ಸೇರಿಸಿದಳು: "ತಪ್ಪು ನಂದೇ. ಗಂಡುಮಗ ಅಂತ ಅಡುಗೆಮನೆಗೇ ಬಿಟ್ಕೊಳ್ಳಲಿಲ್ಲ."

ಬೆಂಕಿ ಆರಿಸಿ, ಬಾಯ್ಲರ್ ತಣಿದ ಮೇಲೆ ಮೇಲ್ಬದಿಯ ಮುಚ್ಚಳ ತಿರುಚಿ ತೆಗೆದರು. ಮತ್ತೆ ಕುದಿಯದಷ್ಟೇ ಕಾಯಿಸಿ, ಹೊಸ ನೀರನ್ನು ನಿಧಾನವಾಗಿ ಒಳಬಿಟ್ಟರು. ತೆರೆದ ಆ ಬಾಯಿಂದ ಪೆನ್ಸಿಲಿನಷ್ಟು ಸಪೂರ ಧಾರೆ ಕಾಮನಬಿಲ್ಲಿನ ಪೊರೆ ಹೊತ್ತು ಬಕೆಟ್ಟಿಗೆ ಇಳಿಯತೊಡಗಿತು. ಅವಸರಪಟ್ಟರೆ ಜಿಡ್ಡು ಒಳಗೇ ಉಳಿಯುತ್ತದೆಂದು ಅಜ್ಜಿ ಕೂತುಬಿಟ್ಟಳು. ಗ್ವಾಲ್ತೆರ್ ಪ್ರತಿ ಶರತ್ಕಾಲದಲ್ಲೂ ಹೀಗೆಯೇ ಕೆನೆ ತೆಗೆಯುತ್ತ ಶಿಳ್ಳೆ ಹಾಕುತ್ತಿದ್ದನೆಂದಳು. ನಡುನಡುವೆ, "ಈಗ?"

"ಇನ್ನೂ ಇದೆ, ವಾವೊ."

"ಈಗ?"

ಭಾನುವಾರ ಸೊಪ್ಪಿನ ಸಾರಿನ ಮುಂದೆ ಕೂತ ದುವಾರ್ತೆ ಸುತ್ತಲೂ ಮೂಸಿದ. "ಹೋಗೇಬಿಡ್ತಲ್ಲ. ನಿನ್ನ ಮೂಗಿಗೆ ದೊಡ್ಡ ನಮಸ್ಕಾರ, ಅಮ್ಮ."

ಜುಲ್ಮೀರಾ ಅಪ್ಪನಿಗೆ ಇನ್ನಷ್ಟು ಸಾರು ಬಡಿಸಿದಳು. ಅಜ್ಜಿ ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬದುಕಿಡೀ ವಾಸನೆ ಬಚ್ಚಿಟ್ಟವರನ್ನು ಹಿಡಿದುಕೊಟ್ಟವಳಿಗೆ ತನ್ನದನ್ನು ಬಚ್ಚಿಡುವುದು ಒಗ್ಗಲಿಲ್ಲವೋ ಏನೋ. "ನನ್ನ ಮೂಗಲ್ಲ ಕಣೋ. ಅದು ಜ್ವರದಲ್ಲೇ ಹೋಯ್ತು. ಇದು ಇವಳದು."

ದುವಾರ್ತೆ ಚಮಚ ಇಟ್ಟು ಎದ್ದು ಹೋದ. ಸಾರು ಆರಿತು. ಇನ್ನು ಸಾಮಾನು ಕಟ್ಟುವುದೇ ಎಂದು ಅಜ್ಜಿ ಗೋಡೆಯ ಮೇಲಿನ ಸಾಂತೊ ಕ್ರಿಸ್ತುವಿನ ಪಟವನ್ನು ನೋಡುತ್ತ ಕೂತಳು. ಅವನು ಮರಳಿದ್ದು ಒಂದು ಬಿಳಿಯ ಪೆಟ್ಟಿಗೆಯೊಂದಿಗೆ. ಅದನ್ನು ಪಟದ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ. "ಗ್ಯಾಸ್ ಸೋರಿದ್ರೆ ಇದು ಕೂಗುತ್ತೆ. ಕೂಗಿದ್ರೆ ಹೊರಗೆ ಓಡ್ಬೇಕು. ಕೋಟು ಹುಡುಕ್ತಾ ನಿಲ್ಲೋದಲ್ಲ."

ಅಜ್ಜಿ ಪೆಟ್ಟಿಗೆಯನ್ನು ಕನಿಕರದಿಂದ ನೋಡಿದಳು. "ಪಾಪ, ಇದಕ್ಕೆ ಒಂದೇ ವಾಸನೆ ಗೊತ್ತು." ಬಾಯ್ಲರ್ ಉಳಿಯಿತು, ಅವಳೂ ಉಳಿದಳು.

ಮನೆಯನ್ನು ಕಣ್ಣಿಗಿಂತ ಮೂಗಿನಿಂದ ನಡೆಸುವ ಇಂಥ ಜೀವಗಳು ಹಳೆಯ ಬೀದಿಗಳಲ್ಲೆಲ್ಲ ಇರುತ್ತವೆ. ಅವರಿಗೆ ವಾಸನೆಯೆಂದರೆ ಅಸಹ್ಯವಲ್ಲ, ಯಾರಿಗೋ ಏನೋ ಆಗಿದೆಯೆಂಬ ಸುದ್ದಿ; ಹಾಗಾಗಿಯೇ ಕುಶಲ ಕೇಳುವ ಮೊದಲೇ ಅವರಿಗೆ ಉತ್ತರ ತಿಳಿದಿರುತ್ತದೆ. ಅವರು ತೀರಿದ ಮೇಲೆ ಅವರ ಕೋಟು, ಕನ್ನಡಿ ಯಾರಾರ ಪಾಲಿಗೋ ಹೋಗುತ್ತವೆ. ಜುಲ್ಮೀರಾಳ ಪಾಲಿಗೆ ಬಂದದ್ದನ್ನು ಅವಳ ಗೆಳತಿಯರು ಈಗಲೂ ಆಡಿಕೊಂಡು ನಗುತ್ತಾರೆ: ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಲ್ಲುತ್ತಾಳೆ, ಕೋಟಿನ ಗುಂಡಿ ಬಿಚ್ಚುವುದಿಲ್ಲ, ಗದ್ದ ತುಸು ಮೇಲೆತ್ತುತ್ತಾಳೆ.